ಹೊಸ ದೋಣಿಗೆ ಹರಳೆಣ್ಣೆ

ಗೆಳೆಯರೇ, ಬೆಳಿಗ್ಗೆಯಿಂದ ಮೈಯೆಲ್ಲ ಗಾಜಿನ ಪುಡಿಯ ನವೆ. ಮಾರಿಕಣಿವೆ ಜಲಾಶಯದ ನೀರಿಗೆಂದು ನಾನೇ ಕಟ್ಟಿದ ಮರದ ದೋಣಿಗೆ ಫೈಬರ್‌ಗ್ಲಾಸ್ ಎಂಬ ಗಾಜಿನೆಳೆಯ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಬಳಿದು, ಮೂರು ದಿನ ಉಜ್ಜಿ ನುಣುಪು ಮಾಡಿದ್ದೆ. ಇವತ್ತು ಕೊನೆಯ ಲೇಪ ಆದರೆ ಭಾನುವಾರ ನೀರಿಗೆ. ಕಲೆಸಿದ ಎಪಾಕ್ಸಿ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆಂದು ಡಬ್ಬಿ ಹಿಡಿದು ಅಂಗಳಕ್ಕೆ ಓಡಿದರೆ, ದೋಣಿ ಮಿರಮಿರ ಮಿಂಚುತ್ತಿದೆ!

“ಹೊಸ ಮರ ಸೀಳಬಾರ್ದಲ್ಲಪ್ಪ,” ಎಂದರು ಸೋದರತ್ತೆ. “ಒನಕೆಗೆ ಹಚ್ಚಂಗೆ ಹರಳೆಣ್ಣೆ ಹಚ್ಚೀನಿ.”

“ಅಯ್ಯೋ ಅತ್ತೆ, ಎಣ್ಣೆ ಮೇಲೆ ಇದು ಹಿಡಿಯಲ್ಲ! ಮತ್ತೆ ಮೊದಲಿಂದ ಉಜ್ಜಬೇಕು!”

“ಉಜ್ಜೋದು ನಾಳೆಗಿರ್ಲಿ. ಹಂಗೆ ಕೆರ್ಕಬ್ಯಾಡ, ಕುಂತ್ಕ ಬಾ. ಎಣ್ಣೆ ಇನ್ನೂ ಐತೆ.”

ಡಬ್ಬಿಯಲ್ಲಿ ಎಪಾಕ್ಸಿ ಬ್ರಷ್ ಸಮೇತ ಕಲ್ಲಾಗುವವರೆಗೆ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡೆ. ನವೆ ಇಳಿಯಿತು, ದೋಣಿ ಅಂಗಳದಲ್ಲೇ ಉಳಿಯಿತು.