ಬಸ್ಸಿನ್ಯಾಗ ಓದಿದ ದವಾಖಾನಿ ಚೀಟಿ

ನನಗ ಓದಾಕ ಬರತೈತಿ, ಆದರ ಮನಸಿನ್ಯಾಗ ಓದಾಕ ಬರಂಗಿಲ್ಲ. ಏಳನೇತ್ತಕ್ಕ ಸಾಲಿ ಬಿಟ್ಟವ ನಾನು, ಓದಿದರ ಒದರಿಕೋತನ ಓದಬೇಕು. ಮೊನ್ನೆ ಮಿರಜದಿಂದ ಅಥಣಿಗೆ ಬರೂವಾಗ ಬಾಜೂಕ ಕುಂತಿದ್ದ ಕಾಕಾ ಒಂದು ಚೀಟಿ ಕೊಟ್ಟರು. "ತಮ್ಮಾ, ಓದೂ ಚಾಳೀಸ ಮನ್ಯಾಗ ಮರತ ಬಂದೀನಿ. ಡಾಕ್ಟರ್ ಏನ ಬರದಾರ, ಮೆಲ್ಲಕ ಓದು." ಅವರ ಹೆಂಡತಿ, ಕಾಕಿ, ಮುಂದ ಹೆಣ್ಮಕ್ಕಳ ಸೀಟಿನ್ಯಾಗ ಇದ್ದರು.

ನಾನು ಸುರು ಹಚ್ಚಿದೆ. "ಪ್ರೋಸ್ಟೇಟ್ ಗ್ರಂಥಿ ತೆಗೆದ ಮೇಲೆ ಗಂಡಸುತನ ಮರಳಲು ಒಂದೆರಡು ವರ್ಷ ಹಿಡಿಯಬಹುದು. ಅದಕ್ಕೆ ಗುಳಿಗೆಗಳಿವೆ. ಹೆಂಡತಿಯೊಂದಿಗೆ ಮುಚ್ಚುಮರೆ..."

"ಮೆಲ್ಲಕ ಓದಲೇ!" ಕಾಕಾ ನನ್ನ ರಟ್ಟಿ ಚಿವುಟಿದರು. ಅಷ್ಟರಾಗ ಬಸ್ಸಿನ್ಯಾಗಿನ ಮಂದಿ ಎಲ್ಲಾ ನಮ್ಮ ಕಡೆ ಹೊಳ್ಳಿ ನೋಡಾಕತ್ತಿದ್ದರು.

ಕಾಕಿ ಎದ್ದು ನಿಂತರು. "ಇನ್ನಷ್ಟು ಜೋರ ಓದಲಿ! ಆಪರೇಶನ್ ಆದಾಗಿಂದ ದನದ ಕೊಟ್ಟಿಗ್ಯಾಗ ಮಲಗತಾರ. ನಂದ ಏನ ತಪ್ಪಾತು ಅಂತ ಅಳಕೋತ ಕುಂತೀನಿ ನಾನು."

"ಎಲ್ಲಾ ಮುಗದ ಹೋತು ಅನ್ಕೊಂಡಿದ್ದೆ" ಅಂದರು ಕಾಕಾ ತಲಿ ತಗ್ಗಿಸಿ. "ನಿನಗ ಹೆಂಗ ಮಾರಿ ತೋರಸ್ಲಿ?"

"ನಾ ಏನ ಅದಕ್ಕಷ್ಟ ನಿಮ್ಮ ಮನಿಗೆ ಬಂದೇನೇನ್ರಿ? ಇವತ್ತ ಹಾಸಿಗಿ ಒಳಗ ತರ್ರಿ."

ಕಾಕಾ ಎದ್ದು ಹೋಗಿ ಕಾಕಿ ಬಾಜೂಕ ಕುಂತರು. ಕಂಡಕ್ಟರ್ "ಅದು ಹೆಣ್ಮಕ್ಕಳ..." ಅಂದವ, ಕಾಕಿ ಮಾರಿ ನೋಡಿ ಸೀಟಿ ಊದಿದ. ನನಗ ಪುಕ್ಕಟ ಖಿಡಕಿ ಸೀಟ ಸಿಕ್ಕಿತು.