ಇನ್ನೂ ಬಾರದ ಜನ್ಮದಿನಾಂಕ

“ಈ ದಿನಾಂಕ ಇನ್ನೂ ಬಂದಿಲ್ಲ” ಎಂದು ಪರದೆಯ ಮೇಲೆ ಮೂಡಿತು. ನಾನು ಟೈಪ್ ಮಾಡಿದ್ದು ನನ್ನ ಇಪ್ಪತ್ತು ದಿನದ ಮಗಳ ಜನ್ಮದಿನಾಂಕ.

ಕಲ್ಯಾಣಪುರದಲ್ಲಿ ಪುರೋಹಿತರಾಗಿದ್ದ ಅಪ್ಪ ತೀರಿಕೊಂಡು ಹತ್ತು ವರ್ಷ. ಮೊಮ್ಮಗಳ ಜಾತಕವನ್ನೂ ಅವರ ಹಳೆಯ ಸಾಫ್ಟ್‌ವೇರಿನಲ್ಲೇ ಮಾಡಬೇಕೆಂದು ಅಮ್ಮನ ಹಠ. ಅದರ ಅವಧಿ ಮುಗಿದಿದ್ದರಿಂದ ಹೊಸ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ತೆರೆಯಲಿಲ್ಲ. ಲ್ಯಾಪ್‌ಟಾಪಿನ ದಿನಾಂಕವನ್ನೇ ಹದಿನೈದು ವರ್ಷ ಹಿಂದಕ್ಕೆ ಇಟ್ಟಾಗ ತೆರೆಯಿತು.

ಪರದೆಯ ಮೂಲೆಯಲ್ಲಿದ್ದ ಆ ಹಳೆಯ ದಿನಾಂಕವನ್ನೇ ಅಮ್ಮ ನೋಡುತ್ತಿದ್ದರು. “ಈ ದಿನ ನಿನ್ನ ಅಪ್ಪ ಇದ್ದರು ಅಲ್ವಾ?”

“ಹೌದಮ್ಮ” ಎಂದು ನಾನು ದಿನಾಂಕ ಸರಿಮಾಡಲು ಹೊರಟೆ.

“ಎಂತ ಅರ್ಜೆಂಟ್? ಸ್ವಲ್ಪ ಹೊತ್ತು ಹಾಗೇ ಇರಲಿ.” ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಮ್ಮ ಪರದೆಯ ಮುಂದೆ ಕುಳಿತರು.

ಜಾತಕವನ್ನು ಆಮೇಲೆ ಬೇರೆಯವರಿಂದ ಬರೆಸಿದೆವು. ಅಜ್ಜ, ಮೊಮ್ಮಗಳು ಒಂದೇ ಕೋಣೆಯಲ್ಲಿದ್ದದ್ದು ಆ ಅರ್ಧ ಗಂಟೆ ಮಾತ್ರ.