ಉಡಿಯಲ್ಲಿ ಬಂದ ನಾಯಿಮರಿ

ಅಂದು ನಸುಕಿನಲ್ಲೇ ನಳ ಬಂದಿತ್ತು. ಬೆಟಗೇರಿಯ ನಮ್ಮ ಓಣಿಯಲ್ಲಿ ನಳ ಬಂತೆಂದರೆ ಚಹಾ, ಪೂಜೆ, ರೊಟ್ಟಿ ಎಲ್ಲವೂ ಆಮೇಲೆ. ಬ್ಯಾರಲ್ಲು, ಕೊಡ, ಬಕೆಟ್ಟು ತುಂಬಿ, ಕೊನೆಗೆ ಚಹಾದ ಪಾತ್ರೆಗೂ ನೀರು ಹಿಡಿಯುತ್ತಿದ್ದೆ. ಪೈಪು ಕೈಜಾರಿತು. ಬಾಗಿಲ ಮುಂದಿನ ಕಟ್ಟೆಯ ಕೆಳಗೆ ಮಲಗಿದ್ದ ನಾಯಿಮರಿ ಪೂರ್ತಿ ತೊಯ್ದುಹೋಯಿತು.

ಎದುರಿನ ಖಾಲಿ ಜಾಗದಲ್ಲಿ ಹುಟ್ಟಿದ ಮರಿಗಳಲ್ಲಿ ಉಳಿದದ್ದು ಅದೊಂದೇ. ಕಂದು ಬಣ್ಣ, ಒಂದು ಕಿವಿ ಮಾತ್ರ ಮಡಚಿಕೊಂಡಿತ್ತು. ಅದನ್ನು ಸಾಕುವ ಮಾತು ಮನೆಯಲ್ಲಿ ಆಗಲೇ ಬಂದು ಹೋಗಿತ್ತು. ಅತ್ತೆಯ ಉತ್ತರ ಒಂದೇ: “ಮದಲ ಒಂದು ಕೂಸು ಆಗ್ಲಿ. ಆಮ್ಯಾಲೆ ನಾಯಿ ಸಾಕು, ಆನಿ ಸಾಕು, ನಾ ಏನೂ ಅನ್ನಾಂಗಿಲ್ಲ.” ಗಂಡನನ್ನು ಕೇಳಿದರೆ, “ನಿಮ್ಮಿಬ್ಬರ ನಡುವ ನನ್ನ ಎಳೀಬ್ಯಾಡ,” ಎಂದು ಬೈಕಿನ ಕೀಲಿ ಹುಡುಕತೊಡಗುತ್ತಿದ್ದ.

ಕೂಸು ಸದ್ಯಕ್ಕೆ ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆದರೆ ಮರಿಯನ್ನು ನಾನು ಕೂಸಿನ ಬದಲಿಗೆ ಕೇಳಿರಲಿಲ್ಲ, ಕೂಸಿನ ತಾಲೀಮಿಗೆಂದೂ ಕೇಳಿರಲಿಲ್ಲ. ನನಗೆ ಆ ಮರಿ ಬೇಕಾಗಿತ್ತು, ಅಷ್ಟೇ.

ನಡುಗುತ್ತಿದ್ದ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದೆ. ಅಷ್ಟರಲ್ಲಿ ಅತ್ತೆಯ ಅಕ್ಕ ಹೊಂಬಳದಿಂದ ಮೊದಲ ಬಸ್ಸಿಗೆ ಬಂದಿಳಿದರು. ಕೈಚೀಲದಲ್ಲಿ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಹಸಿರು ಖಣ. ಬೇಗ ಮಕ್ಕಳಾಗಲೆಂದು ನನಗೆ ಉಡಿ ತುಂಬಿಸಲು ಅತ್ತೆಯೇ ಅವರನ್ನು ಕರೆಸಿದ್ದರು. ನನ್ನನ್ನು ಕೇಳಿರಲಿಲ್ಲ.

ಅತ್ತೆ ಮಣೆ ಹಾಕಿದರು. “ಅದನ್ನ ಹೊರಗ ಬಿಟ್ಟು ಕೈ ತೊಳ್ಕೊಂಡ ಬಾ. ಉಡಿ ಖಾಲಿ ಮಾಡು.”

ಮರಿಯ ಸಮೇತ ಮಣೆಯ ಮೇಲೆ ಕೂತೆ. “ಖಾಲಿ ಮಾಡಾಂಗಿಲ್ರಿ ಅತ್ತಿ. ಇದರ ಜೋಡಿನ ತುಂಬ್ರಿ. ಇಲ್ಲಾಂದ್ರ ಕಾಯಿ ಹಂಗ ಇರ್ಲಿ.”

“ಏನಂದಿ?”

“ಉಡಿ ನಂದೈತ್ರಿ. ಅದರಾಗ ಯಾವಾಗ ಏನ ಬರಬೇಕು ಅನ್ನೂದು ನಾನ ಹೇಳ್ತೀನಿ.”

ಅತ್ತೆ ಅಕ್ಕನ ಕಡೆ ತಿರುಗಿದರು. “ನೋಡ ಯಕ್ಕಾ, ಕಾನ್ವೆಂಟ್ ಸಾಲಿ ಕಲಿತಾಕಿ. ಜಗಳಾನೂ ಪ್ರಾರ್ಥನಾ ಮಾಡಿದಂಗ ಮಾಡ್ತಾಳ.”

ಖರೆ. ದನಿ ಎತ್ತಬಾರದೆಂದು ಸಿಸ್ಟರುಗಳು ಕಲಿಸಿದ್ದರು. ಎದ್ದು ಹೋಗಬೇಕೆಂದು ಯಾರೂ ಕಲಿಸಿರಲಿಲ್ಲ. ಮರಿಯ ಮೈಯ ನೀರು ನನ್ನ ಸೀರೆ ದಾಟಿ ತೊಡೆಗೆ ಇಳಿಯುತ್ತಿತ್ತು, ಅದರ ಎದೆ ನನ್ನ ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೂತೇ ಇದ್ದೆ.

ಅಕ್ಕ ಇಬ್ಬರನ್ನೂ ನೋಡಿ ಚೀಲಕ್ಕೆ ಕೈಹಾಕಿದರು. “ಸೀಗಿ ಹುಣ್ಣಿವಿಗೆ ಹೊಲಕ್ಕ ಉಡಿ ತುಂಬತೀವಲ್ಲ ತಂಗಿ, ಅಲ್ಲೇನ ನಾಯಿ ಅಡ್ಯಾಡಂಗಿಲ್ಲೇನ? ಬೆಳಿ ಬರೂದು ನಿಂತೈತೇನ? ಸರಿ ಅತ್ತಾಗ, ನನಗ ಬಸ್ ತಪ್ಪತೈತಿ.”

ಅಕ್ಕಿ ಮರಿಯ ಬೆನ್ನ ಮೇಲೆ ಉದುರಿತು. ಮರಿ ತಲೆಯೆತ್ತಿ, ಪಕ್ಕಕ್ಕೆ ಬಿದ್ದ ಉತ್ತತ್ತಿಯನ್ನು ಕಚ್ಚಿತು. ಅಕ್ಕ ನಕ್ಕರು. ಅತ್ತೆ ನಗಲಿಲ್ಲ, ಅಡುಗೆಮನೆಗೆ ಹೋದರು. ಆ ದಿನದ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೂ ಕೇಳಿಸಿರಬೇಕು.

ನಾನು ತಪ್ಪಾಯಿತು ಎನ್ನಲಿಲ್ಲ. ಬ್ಯಾರಲ್ಲಿನ ಪಕ್ಕ ಗೋಣಿಚೀಲ ಹಾಸಿ ಮರಿಯನ್ನು ಮಲಗಿಸಿದೆ. ಸಂಜೆ ಅತ್ತೆ ಎಲ್ಲಿಗೆಂದು ಹೇಳದೆ ಕೈಚೀಲ ಹಿಡಿದು ಹೊರಬಿದ್ದರು.

ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆ ತನ್ನ ಬಟ್ಟೆ ಝಾಡಿಸುತ್ತ, ನನ್ನ ಕಡೆ ನೋಡದೆಯೇ ಅಂದಳು: “ನಿಮ್ಮತ್ತಿ ಡೇರಿ ಒಳಗ ಸಿಕ್ಕಿದ್ರವಾ. ನಾಳಿಂದ ದಿನಾ ಪಾವ್ ಲೀಟರ್ ಹಾಲು ಜಾಸ್ತಿ ಹಾಕಪಾ ಅನ್ನಾಕತ್ತಿದ್ರು. ಏನ, ವಿಶೇಷ ಐತೇನ?”